ಗುಮ್ಮಟದಲ್ಲಿ ಕೂಗುವ ಮುಂಚೆ ಮುಂದಿನ ಕಟ್ಟಡಕ್ಕೆ ಹೋಗಿ

ಶುಕ್ರವಾರ ಹೋಗಬೇಡಿ. ಇದನ್ನ ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ವಿಜಯಪುರದಲ್ಲೇ ಹುಟ್ಟಿ ಬೆಳೆದ ನಾನೇ, ಬೆಂಗಳೂರಿಂದ ಬಂದ ಅಕ್ಕ, ಅವಳ ಎರಡು ಮಕ್ಕಳು, ಜೊತೆಗೆ ಅವ್ವ, ಇಷ್ಟು ಜನರನ್ನ ಒಂದೇ ಆಟೋದಲ್ಲಿ ತುಂಬಿಕೊಂಡು ಶುಕ್ರವಾರ ಬೆಳಿಗ್ಗೆ ಹೋಗಿ, ಮುಚ್ಚಿದ ಬಾಗಿಲು ನೋಡಿ ವಾಪಸ್ ಬಂದೆ. ಗೋಳಗುಮ್ಮಟ ದಿನಾ ತೆರೆದಿರುತ್ತೆ. ಅದರ ಮುಂದಿನ ಮ್ಯೂಸಿಯಂಗೆ ಶುಕ್ರವಾರ ರಜೆ. ಅವ್ವ ಅಲ್ಲೇ ನಿಂತು, ಸುತ್ತ ನಾಲ್ಕು ಜನ ಕೇಳುವ ಹಾಗೆ, "ಊರಾಗ ಇದ್ದೂ ಊರು ಗೊತ್ತಿಲ್ಲ ನೋಡು ನಿನಗ" ಅಂದಳು.

ನಿಜವಾಗ್ಲೂ ಗೊತ್ತಿರಲಿಲ್ಲ. ನಾನು ಆ ಮ್ಯೂಸಿಯಂ ಒಳಗೆ ಹೋಗಿದ್ದು ಆರನೇ ಕ್ಲಾಸಿನಲ್ಲಿ, ಮಾಸ್ತರರ ಹಿಂದೆ ಸಾಲಾಗಿ. ಆವಾಗ ನೆನಪಿನಲ್ಲಿ ಉಳಿದದ್ದು ಹೊರಗೆ ತಿಂದ ಐಸ್‌ಕ್ಯಾಂಡಿ ಒಂದೇ. ಆಮೇಲೆ ಗುಮ್ಮಟಕ್ಕೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಲ್ಲ. ಮನೆಗೆ ಬಂದ ನೆಂಟರಿಗೆಲ್ಲ ಊರು ತೋರಿಸೋದು ನನ್ನ ಪಾಲಿನ ಡ್ಯೂಟಿ. ಮ್ಯೂಸಿಯಂ ಅಂದ್ರೆ ದಾರಿಯಲ್ಲಿ ಅಡ್ಡ ಸಿಗೋ ಕಟ್ಟಡ, ಅಷ್ಟೇ. ನಮ್ಮ ಊರಿನ ಬಹಳ ಜನರ ಕಥೆಯೂ ಇದೇ ಅಂದ್ರೆ ಯಾರೂ ಸಿಟ್ಟಾಗಲ್ಲ ಅಂದ್ಕೊಂಡಿದ್ದೇನೆ.

ಈ ಸಲ ಹಟ ಹಿಡಿದದ್ದು ಅಕ್ಕನ ಮಗಳು. ಹದಿಮೂರು ವರ್ಷ, ಸದಾ ಕೈಯಲ್ಲೊಂದು ಡ್ರಾಯಿಂಗ್ ಪುಸ್ತಕ. ಬೆಂಗಳೂರಿನ ಪ್ಯಾಲೇಸ್ ರೋಡಿನಲ್ಲಿ, ಮಾಣಿಕ್ಯವೇಲು ಮಹಲಿನಲ್ಲಿ 2009ರಲ್ಲಿ ಶುರುವಾದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆಯಲ್ಲ, ಅಲ್ಲಿಗೆ ಎರಡು ಸಲ ಹೋಗಿ ಬಂದಿದ್ದಾಳಂತೆ. "ಮಾಮ, ನಿಮ್ಮೂರಲ್ಲಿ ಆರ್ಟ್ ಗ್ಯಾಲರಿ ಇಲ್ವಾ?" ಅಂತ ಕೇಳಿದಳು. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಶನಿವಾರ ಮತ್ತೆ ಹೊರಟೆವು.

ಜಾಗ ಗೊತ್ತಿಲ್ಲದವರಿಗೆ ಹೇಳುತ್ತೇನೆ. ರೈಲ್ವೆ ಸ್ಟೇಷನ್ನಿಂದ ಗುಮ್ಮಟ ಬಹಳ ಹತ್ತಿರ. ಗೇಟು ದಾಟಿ ಒಳಗೆ ಬಂದರೆ ಎರಡೂ ಕಡೆ ಹುಲ್ಲು, ನೇರ ಎದುರಿಗೆ ಎತ್ತರದ ಕಮಾನುಗಳ ಒಂದು ಕಟ್ಟಡ, ಅದರ ಮುಂದೆ ಹಳೇ ತೋಪುಗಳು, ಅಂದ್ರೆ ಫಿರಂಗಿಗಳು. ಜನ ಮಾಡೋದು ಏನಂದ್ರೆ, ತೋಪಿನ ಪಕ್ಕ ಮಕ್ಕಳನ್ನ ನಿಲ್ಲಿಸಿ ಒಂದು ಫೋಟೊ ಹೊಡೆದು, ಆ ಕಟ್ಟಡವನ್ನ ಬಳಸಿಕೊಂಡು ಹಿಂದಿನ ಗುಮ್ಮಟಕ್ಕೆ ನಡೆದುಬಿಡುತ್ತಾರೆ. ಆ ಕಟ್ಟಡವೇ ನಗಾರಿಖಾನೆ. ಒಂದು ಕಾಲಕ್ಕೆ ನಗಾರಿ ಬಾರಿಸುತ್ತಿದ್ದ ಜಾಗ. ಈಗ ಮ್ಯೂಸಿಯಂ ಇರೋದು ಅದರೊಳಗೇ. ಬ್ರಿಟಿಷರ ಕಾಲದಲ್ಲಿ, 1892ರಲ್ಲಿ, ಜಿಲ್ಲೆಯಲ್ಲಿ ಅಲ್ಲಲ್ಲಿ ಸಿಕ್ಕ ಹಳೇ ಕಲ್ಲು, ಕಾಗದ, ಸಾಮಾನನ್ನೆಲ್ಲ ಒಂದು ಕಡೆ ಕೂಡಿಡೋಕೆ ಅಂತ ಶುರುವಾದದ್ದು. ಈಗ ಕೇಂದ್ರದ ಪುರಾತತ್ವ ಇಲಾಖೆ ನೋಡಿಕೊಳ್ಳುತ್ತೆ. ಕೆಳಗೆ ಮೂರು, ಮೇಲೆ ಮೂರು, ಒಟ್ಟು ಆರು ಗ್ಯಾಲರಿ. ಟಿಕೆಟ್ ಐದು ರೂಪಾಯಿ. ಗುಮ್ಮಟದ 25 ರೂಪಾಯಿ ಬೇರೆ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ದುಡ್ಡಿಲ್ಲ. ಐದು ರೂಪಾಯಿಗೆ ಈಗ ಅರ್ಧ ಕಪ್ ಚಹಾನೂ ಬರಲ್ಲ, ಅಲ್ವಾ?

ಒಳಗೆ ಹೋದ ಕೂಡಲೇ ತಂಪು. ನಮ್ಮ ಊರಿನ ಬಿಸಿಲು ಕಂಡವರಿಗೆ ಇದೂ ಒಂದು ದೊಡ್ಡ ಲಾಭವೇ. ಕೆಳಗಿನ ಗ್ಯಾಲರಿಗಳಲ್ಲಿ ಎಲ್ಲಾ ಕಲ್ಲು. ಶಿವ, ವಿಷ್ಣು, ದೇವಿ, ಇನ್ನೊಂದು ಕಡೆ ಜೈನ ತೀರ್ಥಂಕರರು. ಗುಮ್ಮಟ ನೋಡೋಕೆ ಅಂತ ಬಂದವರು ಇಲ್ಲಿ ಸ್ವಲ್ಪ ಗಲಿಬಿಲಿ ಆಗುತ್ತಾರೆ, ಆದಿಲ್‌ಶಾಹಿ ಊರಲ್ಲಿ ಇಷ್ಟೊಂದು ತೀರ್ಥಂಕರರು ಎಲ್ಲಿಂದ ಬಂದರು ಅಂತ. ಸುಲ್ತಾನರು ಬರೋದಕ್ಕಿಂತ ನೂರಾರು ವರ್ಷ ಮೊದಲೇ ಇದು ಚಾಲುಕ್ಯರ ಸೀಮೆ. ವಿಜಯಪುರ ಅನ್ನೋ ಹೆಸರೂ ಆ ಕಾಲದ್ದೇ. ಪಾರ್ಶ್ವನಾಥನ ಮೂರ್ತಿ ಎದುರು ಅಕ್ಕನ ಮಗ ಹಾವಿನ ಹೆಡೆ ಎಣಿಸುತ್ತಾ ನಿಂತುಬಿಟ್ಟ. ಎಂಟು ವರ್ಷದ ಹುಡುಗ. ಅವನಿಗೆ ಹಾವು ಕಂಡ್ರೆ ಬೇರೇನೂ ಬೇಡ.

ಆಮೇಲೆ ವೀರಗಲ್ಲು. ಇಲ್ಲಿ ಅವ್ವನದ್ದೇ ಒಂದು ಕಥೆ ಆಯಿತು. ಕಲ್ಲಿನ ಮುಂದೆ ಸೊಂಟಕ್ಕೆ ಕೈ ಇಟ್ಟು ನಿಂತು ಒಂದು ನಿಮಿಷ ನೋಡಿದಳು. ಆಮೇಲೆ, "ತಮ್ಮಾ, ಇದಕ್ಕ ರೊಕ್ಕಾ ಕೊಟ್ಟು ಬಂದೀವೇನು? ನಮ್ಮ ತವರೂರಾಗ ಹಣಮಪ್ಪನ ಗುಡಿ ಮುಂದ ಇಂಥವು ಮೂರು ಬಿದ್ದಾವು. ಒಂದರ ಮ್ಯಾಲೆ ನಾವು ಸಣ್ಣವರಿದ್ದಾಗ ಹುಣಸಿಬೀಜ ಒಡೀತಿದ್ವಿ" ಅಂದಳು. ಅಕ್ಕ ನಕ್ಕಳು. ನನಗೆ ನಗು ಬರಲಿಲ್ಲ, ಯಾಕಂದ್ರೆ ಆ ಕಲ್ಲು ನಾನೂ ನೋಡಿದ್ದೇನೆ, ಅದರ ಮೇಲೆ ಕೂತು ಶೇಂಗಾ ತಿಂದಿದ್ದೇನೆ. ಅದರ ಮೇಲೆ ಏನಿದೆ ಅಂತ ಮಾತ್ರ ಯಾವತ್ತೂ ನೋಡಿಲ್ಲ.

ಸರಿ ಅಂತ ಅಲ್ಲೇ ನಿಂತು ಕೆಳಗಿಂದ ಮೇಲಕ್ಕೆ ಓದಿದೆವು. ವೀರಗಲ್ಲನ್ನ ಹಾಗೇ ಓದಬೇಕು, ಕೆಳಗಿನ ಪಟ್ಟಿಯಿಂದ. ಕೆಳಗೆ ಜಗಳ. ಕತ್ತಿ, ಗುರಾಣಿ, ಬಿದ್ದವರು. ಮಧ್ಯದಲ್ಲಿ ಸತ್ತ ವೀರನನ್ನ ಅಪ್ಸರೆಯರು ಎರಡೂ ಕಡೆ ಹಿಡಿದು ಮೇಲಕ್ಕೆ ಕರಕೊಂಡು ಹೋಗ್ತಾ ಇದ್ದಾರೆ. ಮೇಲಿನ ಪಟ್ಟಿಯಲ್ಲಿ ಅವನು ಶಿವಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ, ತುದಿಯಲ್ಲಿ ಸೂರ್ಯ ಚಂದ್ರ. ಅಂದ್ರೆ ಸೂರ್ಯ ಚಂದ್ರ ಇರುವ ತನಕ ಈ ಹೆಸರು ಇರಲಿ ಅಂತ. ಅವ್ವ ಪೂರ್ತಿ ಕೇಳಿಸಿಕೊಂಡು, ಕಲ್ಲಿಗೆ ಕೈ ತಾಗಿಸದೆ ದೂರದಿಂದಲೇ ನಮಸ್ಕಾರ ಮಾಡಿದಳು. ಮಧ್ಯಾಹ್ನ ಊಟಕ್ಕೆ ಕೂತಾಗ ತವರಿಗೆ ಫೋನ್ ಹಚ್ಚಿ ನಮ್ಮ ಮಾವನಿಗೆ, "ಆ ಕಲ್ಲಿನ ಮ್ಯಾಲೆ ಹುಡುಗರ್ನ ಕೂಡಸಬ್ಯಾಡ್ರಿ, ಅದು ಯಾರದೋ ಗುರ್ತು ಐತಿ" ಅಂತ ಹೇಳಿದ್ದು ಬೇರೆ ಮಾತು. ಮಾವ "ಯಾವ ಕಲ್ಲವ್ವಾ?" ಅಂದಿದ್ದು ನಮಗೂ ಕೇಳಿಸಿತು.

ಕೆಳಗಿನ ಮೂರರಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಶಾಸನಗಳು. ಮೊದಲು ನಾನೂ ಬೇಗ ದಾಟಿಹೋಗೋಣ ಅಂದ್ಕೊಂಡಿದ್ದೆ. ಓದೋಕೆ ಬರದ ಅಕ್ಷರ ನೋಡಿ ಏನು ಮಾಡೋದು ಅಂತ. ನಿಲ್ಲಿಸಿದ್ದು ಹುಡುಗಿ. "ಮಾಮ, ಇವೆರಡೂ ಬೇರೆ ಥರ ಮಾಡಿದ್ದಾರೆ ನೋಡಿ" ಅಂದಳು. ಹೌದಲ್ಲ! ಕನ್ನಡ ಶಾಸನದಲ್ಲಿ ಅಕ್ಷರ ಕಲ್ಲಿನ ಒಳಗೆ ಇಳಿದಿದೆ. ಉಳಿ ಇಟ್ಟು ಅಕ್ಷರವನ್ನೇ ಕೊರೆದಿದ್ದಾರೆ. ಅರಬ್ಬಿ, ಫಾರಸಿ ಶಾಸನದಲ್ಲಿ ಅಕ್ಷರ ಹೊರಗೆ ಎದ್ದು ನಿಂತಿದೆ. ಅಂದ್ರೆ ಕಲ್ಲುಕುಟಿಗ ಅಕ್ಷರವನ್ನ ಮುಟ್ಟೇ ಇಲ್ಲ, ಅದರ ಸುತ್ತಲಿನ ಕಲ್ಲನ್ನ ತೆಗೆದಿದ್ದಾನೆ. ಒಂದು ಚುಕ್ಕೆ ಉಳಿಸಬೇಕಂದ್ರೂ ಅದರ ಸುತ್ತ ಪೂರ್ತಿ ಕೆತ್ತಬೇಕು. ಕೈ ತಪ್ಪಿ ಚುಕ್ಕೆ ಹಾರಿಹೋದ್ರೆ ಅಕ್ಷರವೇ ಬೇರೆ, ಯಾಕಂದ್ರೆ ಆ ಲಿಪಿಯಲ್ಲಿ ಚುಕ್ಕೆ ಲೆಕ್ಕದ ಮೇಲೇ ಅಕ್ಷರ ಬದಲಾಗುತ್ತೆ. ಅದೂ ನಮ್ಮ ಕಡೆಯ ಕರಿಕಲ್ಲಿನ ಮೇಲೆ! ಮನೆಯ ಮೆಟ್ಟಿಲಿಗೆ ಒಂದು ತೂತು ಹಾಕಿಸೋಕೆ ಮೆಷಿನ್ನಿನವನೇ ಬೆವರು ಒರೆಸಿಕೊಂಡಿದ್ದು ನೆನಪಾಯಿತು. ಹುಡುಗ ತನ್ನ ಲೆಕ್ಕದಲ್ಲಿ ತೀರ್ಮಾನ ಹೇಳಿದ: "ಒಂದು ಕಾಂಪಾಸ್‌ನಲ್ಲಿ ಡೆಸ್ಕ್ ಮೇಲೆ ಕೊರೆದಿರೋ ಥರ, ಇನ್ನೊಂದು ರಬ್ಬರ್ ಸ್ಟಾಂಪ್ ಥರ." ಡೆಸ್ಕ್ ಮೇಲೆ ಕೊರೆಯೋದು ಅವನಿಗೆ ಹೇಗೆ ಗೊತ್ತು ಅಂತ ಅಕ್ಕ ವಿಚಾರಿಸಿದಳು. ಅದು ಇಲ್ಲಿ ಬೇಡ.

ಹುಡುಗಿ ಎರಡು ಅಕ್ಷರ ಬರೆದುಕೊಂಡಳು. ಅವಳಿಗೆ ಓದೋಕೆ ಬರಲ್ಲ, ಸುಮ್ನೆ ಚಿತ್ರದ ಹಾಗೆ ನಕಲು ಮಾಡಿದ್ದು. ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ನಮ್ಮ ಹಿಂದೆ ಒಂದು ಟೂರಿಸ್ಟ್ ಗುಂಪು ಬಂದು, ಪೂರ್ತಿ ಕೆಳಗಿನ ಮಹಡಿಯನ್ನ ಸುತ್ತಿ, ಮೇಲೆ ಹೋಗಿ, ಇಳಿದು, ಹೊರಟೂ ಹೋಯಿತು.

ಆ ಗುಂಪಿನ ಜೊತೆ ಒಬ್ಬ ಗೈಡ್ ಇದ್ದ. ಮೇಲಿನ ಮಹಡಿಯಿಂದ ಅವನ ದನಿ ಕೇಳ್ತಾ ಇತ್ತು. ಚೀನಾದ ತಟ್ಟೆಗಳ ಮುಂದೆ ನಿಂತು, ಇದರಲ್ಲಿ ವಿಷ ಹಾಕಿದ ಊಟ ಬಡಿಸಿದರೆ ತಟ್ಟೆ ಫಟ್ ಅಂತ ಒಡೆದುಹೋಗುತ್ತೆ ಅಂತ ಹೇಳ್ತಾ ಇದ್ದ. ಈ ಕಥೆ ಹಳೇದು, ಬರೀ ಇಲ್ಲಿನದಲ್ಲ. ಹಸಿರು ಬಣ್ಣದ ಚೀನಾ ತಟ್ಟೆಗಳ ಬಗ್ಗೆ ರಾಜರ ಕಾಲದಲ್ಲೇ ಹಾಗೊಂದು ನಂಬಿಕೆ ಇತ್ತು. ಕಥೆ ಅಂತ ಹೇಳಿದ್ರೆ ಚೆನ್ನಾಗಿರುತ್ತೆ, ನಿಜ ಅಂತ ಹೇಳಿದ್ರೆ ನಮ್ಮ ಹುಡುಗನ ಥರ ಒಬ್ಬ "ಹಾಗಾದ್ರೆ ತಟ್ಟೆಗಳು ಇನ್ನೂ ಯಾಕೆ ಸರಿಯಾಗಿವೆ?" ಅಂತ ಕೇಳ್ತಾನೆ. ಕೇಳಿಯೇ ಬಿಟ್ಟ. ಗೈಡ್ ಆಗಲೇ ಮುಂದೆ ಹೋಗಿದ್ದ.

ಮೇಲಿನದು ಪೂರ್ತಿ ಆದಿಲ್‌ಶಾಹಿ ಮನೆಯ ಸಾಮಾನು ಅನ್ನಬಹುದು. ಕತ್ತಿ, ಗುರಾಣಿ, ನಾಣ್ಯ, ಫರ್ಮಾನು (ಸುಲ್ತಾನರ ಆಜ್ಞಾಪತ್ರ), ಕೈಬರಹದ ಪುಸ್ತಕ, ಬಿದರಿ ಪಾತ್ರೆ, ಸಣ್ಣ ಚಿತ್ರಗಳು, ಗಾಲೀಚೆ. ಆಯುಧಗಳ ಬಗ್ಗೆ ನನಗೆ ಹೇಳೋಕೆ ಏನಿಲ್ಲ, ಹುಡುಗನಿಗೆ ಬಹಳ ಇತ್ತು. ಬಿದರಿ ಸಾಮಾನು ನೋಡುವಾಗ ಸ್ವಲ್ಪ ಬಗ್ಗಿ, ಒಂದು ಕಡೆಯಿಂದ ನೋಡಿ. ಸತು ಜಾಸ್ತಿ, ತಾಮ್ರ ಕಡಿಮೆ ಇರೋ ಲೋಹದ ಮೈಯಲ್ಲಿ ಗೆರೆ ಕೊರೆದು, ಬೆಳ್ಳಿ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣು ಬೆರೆಸಿದ ನೀರಲ್ಲಿ ಕಪ್ಪು ಮಾಡೋದು. ಲೋಹ ಕಪ್ಪಾಗುತ್ತೆ, ಬೆಳ್ಳಿ ಹಾಗೇ ಬೆಳ್ಳಗೆ ಉಳಿಯುತ್ತೆ. ನಮ್ಮ ಮನೆ ಶೋಕೇಸಿನಲ್ಲೂ ಮದುವೆಯಲ್ಲಿ ಬಂದ ಒಂದು ಬಿದರಿ ಹೂದಾನಿ ಇದೆ. ಅದನ್ನ ಅವ್ವ ಹುಣಸೆಹಣ್ಣು ಹಚ್ಚಿ ತಿಕ್ಕಿ ಬೂದು ಬಣ್ಣಕ್ಕೆ ತಂದಿಟ್ಟಿದ್ದಾಳೆ. ಈಗ ಯಾಕೆ ಹಾಗಾಯಿತು ಅಂತ ಗೊತ್ತಾಯಿತು.

ಗಾಲೀಚೆಗಳ ಮುಂದೆ ಅಕ್ಕ ಹೆಚ್ಚು ಹೊತ್ತು ನಿಂತಳು. ಅದಕ್ಕೊಂದು ಕಾರಣ ಇದೆ. ಇವು ಅಸರ್ ಮಹಲಿನಲ್ಲಿ ಇದ್ದಂಥವು. ಅಸರ್ ಮಹಲನ್ನ ಕಟ್ಟಿಸಿದ್ದು ಗುಮ್ಮಟ ಕಟ್ಟಿಸಿದ ಮಹಮ್ಮದ್ ಆದಿಲ್ ಶಾನೇ, ಮೊದಲು ನ್ಯಾಯ ಹೇಳುವ ಜಾಗ, ಆಮೇಲೆ ಪ್ರವಾದಿಯ ಕೂದಲು ಇಟ್ಟ ಪವಿತ್ರ ಜಾಗ. ಆ ಮಹಲಿನ ಒಳಗೆ ಹೆಂಗಸರನ್ನ ಬಿಡೋದಿಲ್ಲ. ಚಿಕ್ಕವರಿದ್ದಾಗ ಅಪ್ಪ ನನ್ನನ್ನ ಒಳಗೆ ಕರಕೊಂಡು ಹೋದರೆ, ಅಕ್ಕ ಮತ್ತು ಅವ್ವ ಹೊರಗೆ ಹೊಂಡದ ದಂಡೆಯಲ್ಲಿ ಕೂತಿರುತ್ತಿದ್ದರು. ಒಳಗೆ ಏನಿದೆ ಅಂತ ಅವಳು ಕೇಳಿದ್ರೆ ನಾನು ದೊಡ್ಡದಾಗಿ ಬಣ್ಣ ಹಚ್ಚಿ ಹೇಳಿ ಹೊಟ್ಟೆ ಉರಿಸುತ್ತಿದ್ದೆ. ಈಗ ಅವಳು ಗಾಲೀಚೆಯ ಅಂಚಿನ ಹೂಬಳ್ಳಿಯನ್ನ ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿ ಮುಗಿಸಿ, "ನೀನು ಹೇಳಿದ್ದಕ್ಕಿಂತ ಚೊಲೋ ಅದಾವ" ಅಂದಳು.

ಇನ್ನು ಚಿತ್ರಗಳು. ನಿಜವಾದ ಮಾತು ಇರೋದು ಇಲ್ಲೇ. ಇಲ್ಲಿರೋ ಸಣ್ಣ ಚಿತ್ರಗಳನ್ನ ಹುಡುಗಿ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು. ಆಮೇಲೆ, "ಇಬ್ರಾಹಿಂ ರಾಜನ ಚಿತ್ರ ಎಲ್ಲಿದೆ? ತಂಬೂರಿ ನುಡಿಸೋದು?" ಅಂತ ಕೇಳಿದಳು. ಬೆಂಗಳೂರಲ್ಲಿ ಡ್ರಾಯಿಂಗ್ ಟೀಚರ್ ತೋರಿಸಿದ್ದಂತೆ. ನನಗೆ ಉತ್ತರ ಗೊತ್ತಿರಲಿಲ್ಲ. ಹೊರಗೆ ಬಂದು ಮರದ ನೆರಳಲ್ಲಿ ಹುಲ್ಲಿನ ಮೇಲೆ ಕೂತು ಮೊಬೈಲ್ ತೆಗೆದು ಹುಡುಕಿದೆವು.

ತಂಬೂರಿ ನುಡಿಸುವ ಇಬ್ರಾಹಿಂ ಇರೋದು ಪ್ರಾಗ್‌ನಲ್ಲಿ. ಕೈಯಲ್ಲಿ ತಾಳ ಹಿಡಿದು ನಿಂತ ಇಬ್ರಾಹಿಂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ. ಮೈನಾ ಹಕ್ಕಿ ಹಿಡಿದ ಯೋಗಿನಿ, ಅವಳ ಸುತ್ತ ಅವಳಷ್ಟೇ ಎತ್ತರದ ಹೂಗಳು, ಹಿಂದೆ ದೂರದಲ್ಲಿ ಬಿಳಿ ಅರಮನೆ, ಅದು ಡಬ್ಲಿನ್‌ನಲ್ಲಿ. ಆದಿಲ್‌ಶಾಹಿ ಸುಲ್ತಾನರನ್ನ ಒಂದೇ ಸಾಲಿನಲ್ಲಿ ಕೂರಿಸಿದ, ಕೊನೆಯ ಸಿಕಂದರ್ ಇನ್ನೂ ಹುಡುಗನಾಗಿರುವ ಚಿತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ. ಅದನ್ನ ಬರೆದದ್ದು ಸುಮಾರು 1680ರಲ್ಲಿ. 1686ರಲ್ಲಿ ಔರಂಗಜೇಬ ಊರು ಗೆದ್ದ, ಆ ಹುಡುಗನ ಜೊತೆ ಮನೆತನವೂ ಮುಗಿಯಿತು. ಎಲ್ಲಾ ಇದೇ ಊರಿನ ಚಿತ್ರಗಳು. ಅಸರ್ ಮಹಲಿನಲ್ಲಿ ಉಳಿದಿದ್ದ ಪುಸ್ತಕಗಳೂ 19ನೇ ಶತಮಾನದಲ್ಲಿ ಲಂಡನ್ನಿಗೆ ಹೋದವು.

ಎರಡನೇ ಇಬ್ರಾಹಿಂ ಅಂದ್ರೆ 1580ರಿಂದ 1627ರವರೆಗೆ ಆಳಿದವನು. ಸರಸ್ವತಿಯನ್ನ, ಗಣಪತಿಯನ್ನ ನೆನೆದು ದಖನಿ ಭಾಷೆಯಲ್ಲಿ ಪದ ಕಟ್ಟಿದವನು. ಜನ ಅವನನ್ನ ಜಗದ್ಗುರು ಅಂತ ಕರೀತಿದ್ದರು. ತನ್ನ ತಂಬೂರಿಗೆ ಮೋತಿಖಾನ್ ಅಂತ, ಆನೆಗೆ ಆತಶ್‌ಖಾನ್ ಅಂತ ಹೆಸರಿಟ್ಟು, ಅವುಗಳ ಮೇಲೂ ಪದ ಬರೆದ ಮನುಷ್ಯ. ಮೊಬೈಲಿನ ಅಂಗೈಯಗಲದ ಪರದೆಯಲ್ಲಿ ಅವನನ್ನ ಹುಡುಗಿ ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡ್ತಾ ಇದ್ದರೆ, ನಾವು ಕೂತಿದ್ದ ಜಾಗ ಅವನ ಮಗನ ಸಮಾಧಿಯ ಅಂಗಳ. ನನಗೆ ಸ್ವಲ್ಪ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಅಸಲು ಚಿತ್ರಗಳು ವಾಪಸ್ ಬರೋದಿಲ್ಲ, ಗೊತ್ತು. ದೊಡ್ಡದಾಗಿ ಪ್ರಿಂಟ್ ಹಾಕಿಸಿ ನಮ್ಮ ಬಸ್ ಸ್ಟ್ಯಾಂಡಿನ ಒಂದು ಗೋಡೆಗೆ ತೂಗುಹಾಕಿದರೂ ಸಾಕು. ಬಾಗಲಕೋಟೆ ಬಸ್ಸಿಗೆ ಕಾಯುವವರು ಯೋಗಿನಿಯನ್ನ ನೋಡ್ತಾ ನಿಲ್ಲಲಿ.

ಹಾಗಂತ ಒಳಗಿರೋದು ಕಡಿಮೆ ಅಂತ ಅಲ್ಲ. ಹೋದದ್ದರ ಲೆಕ್ಕ ಗೊತ್ತಾದ ಮೇಲೆ ಉಳಿದದ್ದರ ಬೆಲೆ ಜಾಸ್ತಿಯಾಯಿತು ನನಗೆ. ಆ ಗಾಲೀಚೆ, ಆ ಫರ್ಮಾನು ಹೇಗೆ ತಪ್ಪಿಸಿಕೊಂಡು ಇಲ್ಲೇ ಉಳಿದವೋ.

ಆಮೇಲೆ ಗುಮ್ಮಟ ಹತ್ತಿದೆವು, ಅದರ ಬಗ್ಗೆ ನಾನೇನು ಹೇಳಲಿ. ಮೂಲೆಯ ಗೋಪುರದ ಇಕ್ಕಟ್ಟು ಮೆಟ್ಟಿಲು, ಏಳು ಅಂತಸ್ತು, ಅವ್ವ ಕೆಳಗೇ ಕೂತಳು. ಮೇಲಿನ ಪಿಸುಗುಟ್ಟುವ ಗ್ಯಾಲರಿಯಲ್ಲಿ ಪಿಸುಗುಟ್ಟುವವರು ಒಬ್ಬರೂ ಇರಲಿಲ್ಲ. ಎಲ್ಲರೂ ಸಿಳ್ಳೆ, ಕಿರುಚಾಟ, ಚಪ್ಪಾಳೆ, ಒಬ್ಬನಂತೂ ತನ್ನ ಹುಡುಗಿಯ ಹೆಸರನ್ನೇ ಕೂಗಿದ. ಏಳು ಸಲ ಮರುದನಿ ಬರುತ್ತೆ ಅಂತಾರೆ, ಐವತ್ತು ಜನ ಒಟ್ಟಿಗೆ ಕೂಗಿದ್ರೆ ಎಣಿಸೋದು ಹೇಗೆ? ಗೋಡೆಗೆ ಬಾಯಿ ಹತ್ತಿರ ಇಟ್ಟು ಮೆಲ್ಲಗೆ ಮಾತಾಡಿದ್ರೆ ಎದುರಿನ ಗೋಡೆಯ ಹತ್ತಿರ ಇರುವವರಿಗೆ ಕೇಳಿಸೋದು ನಿಜವಾದ ಮಜಾ. ಅದು ಬೇಕಂದ್ರೆ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಿ, ಬಿಸಿಲೂ ಇರಲ್ಲ. ಇಳಿದು ಬರುವಷ್ಟರಲ್ಲಿ ಮ್ಯೂಸಿಯಂ ತೆರೆದಿರುತ್ತೆ. ನಾವು ಉಲ್ಟಾ ಮಾಡಿ ಮಧ್ಯಾಹ್ನ ಹತ್ತಿದ್ದು ತಪ್ಪಾಯಿತು. ಮ್ಯೂಸಿಯಂ ಸಂಜೆ 5ಕ್ಕೆ ಮುಚ್ಚುತ್ತೆ, ನಾಲ್ಕೂವರೆಗೆ ಓಡಿಬರಬೇಡಿ. ಕಡಿಮೆ ಅಂದ್ರೂ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಚಿಕ್ಕ ಮಕ್ಕಳಿದ್ದರೆ ಮೊದಲು ಹಾವಿನ ಹೆಡೆ, ಆಮೇಲೆ ಕತ್ತಿ, ಹೀಗೆ ಏನಾದ್ರೂ ಒಂದು ಆಸೆ ಹಚ್ಚಿ ಮುಂದಕ್ಕೆ ಕರಕೊಂಡು ಹೋಗಬೇಕು. ಊಟಕ್ಕೆ ಸ್ಟೇಷನ್ ರೋಡಿನ ಕಡೆ ಯಾವುದಾದ್ರೂ ಖಾನಾವಳಿ ಹಿಡಿಯಿರಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ಬೆಂಗಳೂರು ಮಕ್ಕಳು ಮೂರು ಮೂರು ರೊಟ್ಟಿ ತಿಂದವು.

ಭಾನುವಾರ ರಾತ್ರಿ ಅವರಿಗೆ ರೈಲು. ಬೆಳಿಗ್ಗೆ ಹುಡುಗಿ ಕೇಳಿದಳು ಅಂತ ಇಬ್ರಾಹಿಂ ರೋಜಾಕ್ಕೆ ಹೋದೆವು, ಊರಿನ ಪಶ್ಚಿಮಕ್ಕೆ, ತಂಬೂರಿಯ ಇಬ್ರಾಹಿಂ ಮಲಗಿರುವ ಜಾಗ. ಅಲ್ಲಿನ ಕಿಟಕಿಗಳನ್ನ ನಾನು ಹತ್ತಾರು ಸಲ ನೋಡಿದ್ದೇನೆ, ಜಾಲರಿ ಅಂತಲೇ ತಿಳಿದಿದ್ದೆ. ಹುಡುಗಿ ಹಿಂದಿನ ದಿನದ ಪುಟ ತೆಗೆದು, ತಾನು ಬರೆದುಕೊಂಡ ಅಕ್ಷರವನ್ನ ಕಿಟಕಿಯ ಎತ್ತರಕ್ಕೆ ಹಿಡಿದಳು. ಕಿಟಕಿ ತುಂಬಾ ಅಕ್ಷರ. ಇಲ್ಲಿ ಸುತ್ತಲಿನ ಕಲ್ಲನ್ನ ಬರೀ ಕೆತ್ತಿಲ್ಲ, ಆಚೆ ಬದಿಗೆ ತೂತಾಗುವ ಹಾಗೆ ಪೂರ್ತಿ ತೆಗೆದಿದ್ದಾರೆ. ಅಕ್ಷರ ಅಕ್ಷರದ ನಡುವೆ ಹೊರಗಿನ ಬೆಳಕು ಬರ್ತಾ ಇತ್ತು. "ಮಾಮ, ಇನ್ನೂ ಹತ್ತು ನಿಮಿಷ" ಅಂತ ಹೇಳಿ ಅಲ್ಲೇ ಕೂತು ಪೆನ್ಸಿಲ್ ಚೂಪು ಮಾಡತೊಡಗಿದಳು. ನಾನು ಹೊರಗೆ ಹೋಗಿ ಆಟೋದವನಿಗೆ ಕಾಯೋಕೆ ಹೇಳಿದೆ.